ಎಂಜಿಬಿಯ ಜೋಡಿ ಕಾರ್ಬುರೇಟರ್ ಟ್ಯೂನಿಂಗ್: ನನ್ನ ಅನುಭವ

ಇಂಗ್ಲೆಂಡಿನ ಆಬಿಂಗ್ಡನ್‌ನಲ್ಲಿ 1962ರಿಂದ 1980ರವರೆಗೆ ತಯಾರಾದ ಸ್ಪೋರ್ಟ್ಸ್ ಕಾರು ಎಂಜಿಬಿ, ಗಟ್ಟಿ ಛಾವಣಿಯ ಜಿಟಿ ಮಾದರಿಯೂ ಸೇರಿ 5 ಲಕ್ಷ ದಾಟಿತು. 1988ರಿಂದ ಅದರ ಹೊಸ ಬಾಡಿಶೆಲ್ಲೇ (ಕಾರಿನ ಖಾಲಿ ಲೋಹದ ದೇಹ) ಮತ್ತೆ ಸಿಗತೊಡಗಿದೆ. 1798 ಸಿಸಿಯ ಎಂಜಿನ್ ಬಿಎಂಸಿ ಕಂಪನಿಯ ಬಿ-ಸೀರೀಸ್ ಸರಣಿಯದು, ನಮ್ಮ ಅಂಬಾಸಿಡರ್‌ನ 1489 ಸಿಸಿ ಎಂಜಿನ್ನಿಗೆ ಅಣ್ಣ. ಅಂಬಾಸಿಡರ್ ಬಿಚ್ಚಿ ಜೋಡಿಸಿದ ಕೈಗೆ ಇಲ್ಲಿ ಹೊಸ ಪಾಠವೆಂದರೆ ಎರಡು ಎಸ್‌ಯು ಎಚ್‌ಎಸ್4 ಕಾರ್ಬುರೇಟರ್‌ಗಳು, ಅಂದರೆ ಪೆಟ್ರೋಲನ್ನು ಗಾಳಿಗೆ ಬೆರೆಸಿ ಎಂಜಿನ್ನಿಗೆ ಕೊಡುವ ಭಾಗಗಳು. ಸ್ಪ್ಯಾನರ್, ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿಗಳು), ಕಿವಿ ಇಷ್ಟರಲ್ಲೇ ಇವನ್ನು ಸರಿಮಾಡಬಹುದು. ಈ ಕಾರು ನನಗೆ ಇಷ್ಟವಾಗುವುದೇ ಅದಕ್ಕೆ.

ಕಾರ್ಬುರೇಟರ್ ಮುಟ್ಟುವುದು ಕೊನೆಗೆ. ಮೊದಲು ತಣ್ಣಗಿನ ಎಂಜಿನ್ನಿನಲ್ಲಿ ಟ್ಯಾಪೆಟ್ ಗ್ಯಾಪ್ (ವಾಲ್ವ್ ಮತ್ತು ಅದನ್ನು ಒತ್ತುವ ರಾಕರ್ ನಡುವಿನ ಸಂದು) 0.38 ಮಿ.ಮೀ. ಇಡುತ್ತೇನೆ. ತೆರೆದ ವಾಲ್ವ್ ಮತ್ತು ಸರಿಮಾಡುವ ವಾಲ್ವ್ ಸಂಖ್ಯೆ ಕೂಡಿದರೆ ಒಂಬತ್ತಾಗಬೇಕು, ಲೆಕ್ಕ ಸುಲಭ: 8ನೇ ವಾಲ್ವ್ ಪೂರ್ತಿ ತೆರೆದಾಗ 1ನೆಯದು, 6ನೆಯದು ತೆರೆದಾಗ 3ನೆಯದು. ಡಿಸ್ಟ್ರಿಬ್ಯೂಟರ್‌ನ ಪಾಯಿಂಟ್ ಗ್ಯಾಪ್ 0.35ರಿಂದ 0.40, ಸ್ಪಾರ್ಕ್ ಪ್ಲಗ್ ಗ್ಯಾಪ್ 0.64 ಮಿ.ಮೀ. ಆಮೇಲೆ ಥ್ರಾಟಲ್ ಸ್ಪಿಂಡಲ್ (ಗಾಳಿ ಬಿಡುವ ಥ್ರಾಟಲ್ ತಟ್ಟೆಯ ಕಡ್ಡಿ) ಅಲ್ಲಾಡಿಸಿ ನೋಡಬೇಕು. ಸವೆದಿದ್ದರೆ ಅಲ್ಲಿಂದ ಗಾಳಿ ಎಳೆಯುತ್ತದೆ, ಸ್ಕ್ರೂ ಎಷ್ಟು ತಿರುಗಿಸಿದರೂ ಐಡ್ಲಿಂಗ್ ಒಂದೇ ಸಮನಾಗುವುದಿಲ್ಲ.

ಕಾರ್ಬುರೇಟರ್ ಒಳಗಿನ ಪಿಸ್ಟನ್ (ಎಂಜಿನ್ನಿನದಲ್ಲ) ಎತ್ತಿ ಬಿಟ್ಟಾಗ 'ಟಕ್' ಎಂದು ಕೂರಬೇಕು. ಕೂರದಿದ್ದರೆ ಪಿಸ್ಟನ್ನಿನ ನೀಡಲ್, ಪೆಟ್ರೋಲ್ ಬರುವ ಕೊಳವೆಯಾದ ಜೆಟ್‌ಗೆ ಉಜ್ಜುತ್ತಿದೆ ಅಥವಾ ಒಳಗೆ ಕೊಳೆ ಇದೆ. ಪಿಸ್ಟನ್ ಏರುವ ವೇಗ ತಗ್ಗಿಸುವ ಡ್ಯಾಂಪರ್‌ಗೆ 20 ಗ್ರೇಡ್ ಎಂಜಿನ್ ಆಯಿಲ್ ಹಾಕುತ್ತೇನೆ. ಆಯಿಲ್ ತೆಳುವಾದರೆ ಆಕ್ಸಿಲರೇಟರ್ ಒತ್ತಿದ ಕೂಡಲೇ ಪಿಸ್ಟನ್ ಮೇಲೆ ಹಾರಿ ಮಿಕ್ಸ್ಚರಿನಲ್ಲಿ (ಗಾಳಿ-ಪೆಟ್ರೋಲ್ ಮಿಶ್ರಣ) ಪೆಟ್ರೋಲ್ ಕಡಿಮೆಯಾಗುತ್ತದೆ, ಗಾಡಿ ಮುಗ್ಗರಿಸುತ್ತದೆ.

ಏರ್ ಕ್ಲೀನರ್ ತೆಗೆದು, ಎರಡೂ ಕಾರ್ಬುರೇಟರ್ ಜೋಡಿಸುವ ಥ್ರಾಟಲ್ ಮತ್ತು ಚೋಕ್ ಕ್ಲಾಂಪ್ ಸಡಿಲಿಸಿ. ಜೆಟ್ಟನ್ನು ಬ್ರಿಜ್‌ಗೆ (ಪಿಸ್ಟನ್ ಕೂರುವ ದಿಂಡು) ಸಮ ಮಾಡಿ, ಅಲ್ಲಿಂದ ಜೆಟ್ ಕೆಳಗಿನ ಆರು ಮುಖದ ನಟ್ಟನ್ನು 12 ಮುಖ, ಅಂದರೆ ಎರಡು ಸುತ್ತು, ಕೆಳಗಿಳಿಸಿ. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಅರ್ಧ ಮೀಟರ್ ರಬ್ಬರ್ ಪೈಪಿನ ಒಂದು ತುದಿ ಕಿವಿಗೆ, ಇನ್ನೊಂದು ಕಾರ್ಬುರೇಟರ್ ಬಾಯಿಗೆ. ಎರಡರಲ್ಲೂ 'ಸುಯ್' ಸದ್ದು ಒಂದೇ ಆಗುವವರೆಗೆ ಐಡ್ಲಿಂಗ್ ಸ್ಕ್ರೂ ತಿರುಗಿಸಿ.

ಈಗ ಮಿಕ್ಸ್ಚರ್. ಒಂದು ಕಾರ್ಬುರೇಟರಿನ ಪಿಸ್ಟನ್ನನ್ನು ಅದರ ಎತ್ತುವ ಪಿನ್ನಿನಿಂದ ಬರೀ 0.8 ಮಿ.ಮೀ. ಎತ್ತಿ. ಎಂಜಿನ್ ವೇಗ ಏರಿ ಹಾಗೇ ಉಳಿದರೆ ಪೆಟ್ರೋಲ್ ಹೆಚ್ಚು, ನಟ್ ಮೇಲಕ್ಕೆ. ಕೂಡಲೇ ಕುಸಿದರೆ ಕಡಿಮೆ, ಕೆಳಕ್ಕೆ. ಕ್ಷಣ ಮಾತ್ರ ಸ್ವಲ್ಪ ಏರಿದರೆ ಸರಿ. ಒಂದು ಸಲಕ್ಕೆ ಒಂದೇ ಮುಖ ತಿರುಗಿಸಿ. ಒಂದನ್ನು ಬದಲಿಸಿದರೆ ಇನ್ನೊಂದರ ಮೇಲೂ ಪರಿಣಾಮ ಬೀಳುತ್ತದೆ, ಆದ್ದರಿಂದ ಎರಡನ್ನೂ ಮತ್ತೆ ಪರೀಕ್ಷಿಸುತ್ತೇನೆ. ಕ್ಲಾಂಪ್ ಬಿಗಿಮಾಡಿದ ಮೇಲೆ ಸದ್ದನ್ನೂ ಮತ್ತೊಮ್ಮೆ ಕೇಳುತ್ತೇನೆ, ಬಿಗಿಯುವಾಗ ಅದು ತುಸು ಕದಲುವುದುಂಟು.

ಏರ್ ಕ್ಲೀನರ್ ಹಾಕುವಾಗ ಗ್ಯಾಸ್ಕೆಟ್ ತಲೆಕೆಳಗಾಗದಂತೆ ನೋಡಿ. ಕಾರ್ಬುರೇಟರ್ ಬಾಯಿಯ ಫ್ಲ್ಯಾಂಜ್‌ನಲ್ಲಿರುವ ಎರಡು ಸಣ್ಣ ರಂಧ್ರಗಳು ಪಿಸ್ಟನ್ ಕೆಳಭಾಗಕ್ಕೆ ಗಾಳಿ ಕೊಡುತ್ತವೆ. ಅವು ಮುಚ್ಚಿದರೆ ಪಿಸ್ಟನ್ ಸರಿಯಾಗಿ ಏಳದು, ಅಷ್ಟು ಹೊತ್ತು ಮಾಡಿದ ಹೊಂದಾಣಿಕೆಯೆಲ್ಲ ಹಾಳು.