ಕೋಡ್ ಇಲ್ಲದ ಹಳೇ ಲೆನ್ಸು, ಡಿಜಿಟಲ್ ರೇಂಜ್‌ಫೈಂಡರ್: ಎಲ್ಲಿ ತಲೆ ಕೆಡಿಸಿಕೊಳ್ಳಬೇಕು, ಎಲ್ಲಿ ಬೇಡ

ಲೈಕಾ ಕಂಪನಿಯ ರೇಂಜ್‌ಫೈಂಡರ್ ಕ್ಯಾಮೆರಾಗಳಿಗೆ ಲೆನ್ಸ್ ಕೂರಿಸುವ ಎಂ ಮೌಂಟ್ ಬಂದಿದ್ದು 1954ರಲ್ಲಿ. ಲೆನ್ಸಿನ ಗುರುತು ಹಿಡಿಯುವ ಆರು ಬಿಟ್ ಕೋಡ್ ಬಂದಿದ್ದು 2006ರಲ್ಲಿ, ಲೈಕಾದ ಡಿಜಿಟಲ್ ಕ್ಯಾಮೆರಾ ಎಂ8 ಜೊತೆ. ನಡುವಿನ ಅಷ್ಟೂ ವರ್ಷಗಳ ಲೆನ್ಸುಗಳು ಕೋಡ್ ಇಲ್ಲದೆಯೇ ತಯಾರಾದವು. ಅದಕ್ಕೂ ಹಿಂದಿನ, ಸ್ಕ್ರೂ ಹಾಗೆ ತಿರುಗಿಸಿ ಕೂರಿಸುವ ಸ್ಕ್ರೂ ಲೆನ್ಸುಗಳ ಮಾತಂತೂ ಬಿಡಿ. ಹಾಗಾಗಿ ಹಳೇ ಲೆನ್ಸ್ ಕೈಗೆ ಬಂದ ಕೂಡಲೇ ಏಳುವ ಪ್ರಶ್ನೆ ಒಂದೇ: ಕೋಡ್ ಹಾಕಿಸಬೇಕಾ?

ಲೆನ್ಸಿನ ಫೋಕಲ್ ಲೆಂಗ್ತ್ 50 ಎಂಎಂ ಅಥವಾ ಅದಕ್ಕಿಂತ ಉದ್ದದ್ದಾದರೆ ಬೇಡ. 35 ಆದರೆ ಕ್ಯಾಮೆರಾದ ಮೆನುವಿನಲ್ಲಿ ಲೆನ್ಸ್ ಆರಿಸಿದರೆ ಸಾಕು. 28 ಅಥವಾ ಅದಕ್ಕಿಂತ ವೈಡ್ ಆದರೆ ಮೊದಲು ಪರೀಕ್ಷೆ ಮಾಡಿ, ಆಮೇಲೆ ಯೋಚಿಸಿ. ಇದು ನಾನು ಯಾರಿಗಾದರೂ ಹೇಳುವ ಮಾತು.

ಕೋಡ್ ಅಂದರೆ ಲೆನ್ಸಿನ ಲೋಹದ ಮೌಂಟಿನ ಮೇಲಿರುವ ಆರು ಪುಟ್ಟ ಗುಳಿಗಳು. ಕೆಲವು ಕಪ್ಪು, ಕೆಲವು ಬಿಳಿ. ಕ್ಯಾಮೆರಾ ಮೌಂಟಿನಲ್ಲಿರುವ ಸಣ್ಣ ಕಿಟಕಿ ಅದನ್ನು ಓದುತ್ತದೆ. ಓದಿ ಮಾಡುವ ಮುಖ್ಯ ಕೆಲಸ ಎರಡು. ಫೈಲಿನಲ್ಲಿ ಲೆನ್ಸಿನ ಹೆಸರು ಬರೆಯುತ್ತದೆ, ಮೂಲೆಗಳ ಕತ್ತಲು ಮತ್ತು ಬಣ್ಣದ ಛಾಯೆಯನ್ನು ಸರಿಮಾಡುತ್ತದೆ. ಫೋಕಸ್‌ಗೂ ಕೋಡ್‌ಗೂ ಸಂಬಂಧವಿಲ್ಲ. ಅಪರ್ಚರ್ ಕೂಡ ಅದರಿಂದ ತಿಳಿಯುವುದಿಲ್ಲ. ಫೈಲಿನಲ್ಲಿ ಕಾಣುವ ಎಫ್ ನಂಬರ್ ಬರೀ ಕ್ಯಾಮೆರಾದ ಅಂದಾಜು.

ಬಣ್ಣದ ಛಾಯೆ ಯಾಕೆ ಬರುತ್ತದೆ? ಹಳೇ ವೈಡ್ ಲೆನ್ಸುಗಳ ಹಿಂದಿನ ಗಾಜು ಸೆನ್ಸರಿಗೆ ತೀರಾ ಹತ್ತಿರ ಇರುತ್ತದೆ. ಅಂಚಿಗೆ ಹೋಗುವ ಬೆಳಕು ತುಂಬಾ ಓರೆಯಾಗಿ ಬೀಳುತ್ತದೆ. ಫಿಲ್ಮ್ ಅದನ್ನು ಲೆಕ್ಕಕ್ಕೇ ಇಟ್ಟುಕೊಳ್ಳುತ್ತಿರಲಿಲ್ಲ. ಸೆನ್ಸರ್ ಹಾಗಲ್ಲ: ಮೇಲಿನ ಗಾಜಿನ ಪದರ, ಮೈಕ್ರೋಲೆನ್ಸ್, ಬಣ್ಣದ ಫಿಲ್ಟರ್ ಎಲ್ಲವನ್ನೂ ದಾಟಿ ಬೆಳಕು ಒಳಗೆ ಹೋಗಬೇಕು. ಅದಕ್ಕೇ ಒಂದು ಅಂಚು ಕೆಂಪಗೆ, ಎದುರಿನ ಅಂಚು ಹಸಿರು-ನೀಲಿಯಾಗಿ ಕಾಣುತ್ತದೆ. 2009ರ ಎಂ9ನಲ್ಲಿ ಇದು ಜಾಸ್ತಿ, ಹೊಸ ಸೆನ್ಸರುಗಳಲ್ಲಿ ಕಡಿಮೆ. ಕಪ್ಪು-ಬಿಳುಪು ಮಾಡುವವರಿಗೆ ಬಣ್ಣದ ಚಿಂತೆಯೇ ಇಲ್ಲ, ಮೂಲೆಯ ಕತ್ತಲೊಂದೇ ಉಳಿಯುತ್ತದೆ.

ಎಂ9 ಮತ್ತು ಆಮೇಲಿನ ಕ್ಯಾಮೆರಾಗಳಲ್ಲಿ ಲೆನ್ಸ್ ಡಿಟೆಕ್ಷನ್ ಅನ್ನುವ ಮೆನು ಇದೆ. ಅದರಲ್ಲಿ ಮ್ಯಾನ್ಯುಯಲ್ ಆರಿಸಿದರೆ ಲೆನ್ಸುಗಳ ಪಟ್ಟಿ ಬರುತ್ತದೆ, ಪಕ್ಕದಲ್ಲಿ ಐದಂಕಿಯ ಆರ್ಡರ್ ನಂಬರ್. ನಿಮ್ಮ ಲೆನ್ಸ್ ಅಲ್ಲಿ ಇಲ್ಲದಿದ್ದರೆ ಅದೇ ಫೋಕಲ್ ಲೆಂಗ್ತಿನ, ಅದೇ ಕಾಲದ ವಿನ್ಯಾಸದ್ದನ್ನು ಆರಿಸಿ. ಲೆನ್ಸ್ ಬದಲಿಸಿದಾಗ ಮೆನುವಿನಲ್ಲೂ ಬದಲಿಸಿ, ಇದನ್ನು ಮೈಗೂಡಿಸಿಕೊಳ್ಳಲೇಬೇಕು.

ಈಗ ಪರೀಕ್ಷೆ. ಹಾಲಿನಂತೆ ಬೆಳ್ಳಗಿರುವ, ಹೊಳಪಿಲ್ಲದ ಅಕ್ರಿಲಿಕ್ ತುಂಡೊಂದನ್ನು ಇಟ್ಟುಕೊಳ್ಳಿ. ಮೋಡ ಮುಚ್ಚಿದ ಆಕಾಶದ ಕಡೆ ಕ್ಯಾಮೆರಾ ತಿರುಗಿಸಿ, ತುಂಡನ್ನು ಲೆನ್ಸಿನ ಮುಂಭಾಗಕ್ಕೆ ಒತ್ತಿ ಹಿಡಿಯಿರಿ. ಫೋಕಸ್ ಇನ್ಫಿನಿಟಿ, ಅಪರ್ಚರ್ ಎಫ್/8, ಐಎಸ್‌ಒ ಕನಿಷ್ಠ, ಫೈಲ್ ಡಿಎನ್‌ಜಿ, ಅಂದರೆ ಕಚ್ಚಾ (ರಾ) ಫೈಲ್. ಡಿಟೆಕ್ಷನ್ ಆಫ್ ಮಾಡಿ ಒಂದು ಫೋಟೋ. ಪಟ್ಟಿಯಿಂದ ಹೊಂದುವಂಥ ಎರಡು ಮೂರು ಲೆನ್ಸ್ ಆರಿಸಿ ತಲಾ ಒಂದು. ಆಮೇಲೆ ಕ್ಯಾಮೆರಾವನ್ನು ತಲೆಕೆಳಗು ಮಾಡಿ ಮತ್ತೊಂದು. ಈ ಕೊನೆಯದನ್ನು ಬಿಡಲೇಬೇಡಿ. ತಲೆಕೆಳಗು ಮಾಡಿದ ಮೇಲೂ ಫೈಲಿನಲ್ಲಿ ಕೆಂಪು ಅದೇ ಅಂಚಿನಲ್ಲಿದ್ದರೆ ಅದು ಲೆನ್ಸ್ ಮತ್ತು ಸೆನ್ಸರಿನದು. ಎದುರಿನ ಅಂಚಿಗೆ ಹಾರಿದ್ದರೆ ನಿಮ್ಮ ಬೆಳಕೇ ಸಮ ಇರಲಿಲ್ಲ ಅಂತ ಅರ್ಥ. ಕಂಪ್ಯೂಟರಿನಲ್ಲಿ ಸ್ಯಾಚುರೇಶನ್ ಪೂರ್ತಿ ಏರಿಸಿ ನೋಡಿ, ಸಣ್ಣ ಛಾಯೆಯೂ ಎದ್ದು ಕಾಣುತ್ತದೆ.

ನನ್ನ 21 ಎಂಎಂ ಎಫ್/3.4 ಸೂಪರ್ ಆಂಗುಲಾನ್‌ಗೆ ಪಟ್ಟಿಯಲ್ಲಿರುವ 11134 ಮತ್ತು 11135 ಆರ್ಡರ್ ನಂಬರಿನ ಎರಡೂ 21 ಎಂಎಂ ಎಲ್ಮರಿಟ್‌ ಲೆನ್ಸುಗಳನ್ನು ಹೀಗೆ ಹೋಲಿಸಿದೆ. ಹಳೆಯದಾದ 11134 ಹತ್ತಿರ ಬಂತು. ಆದರೂ ಅಂಚಿನಲ್ಲಿ ಬಣ್ಣ ಉಳಿಯಿತು. ಅಂಥಲ್ಲಿ ಕಾರ್ನರ್‌ಫಿಕ್ಸ್ ಎಂಬ ಉಚಿತ ಸಾಫ್ಟ್‌ವೇರ್ ಇದೆ, ಲೈಟ್‌ರೂಮ್ ಕ್ಲಾಸಿಕ್‌ನ ಫ್ಲಾಟ್ ಫೀಲ್ಡ್ ಕರೆಕ್ಷನ್ ಕೂಡ ಇದೆ. ಎರಡಕ್ಕೂ ಬೇಕಾಗಿರುವುದು ಇದೇ ಬಿಳಿ ಫೋಟೋ, ಹಾಗಾಗಿ ಅಳಿಸಬೇಡಿ. ಒಂದು ಎಚ್ಚರ: ಬಿಳಿ ಫೋಟೋ ಯಾವ ಮೆನು ಸೆಟ್ಟಿಂಗಿನಲ್ಲಿ ತೆಗೆದಿರೋ ನಿಜವಾದ ಫೋಟೋಗಳೂ ಅದರಲ್ಲೇ ಇರಬೇಕು.

ಮೌಂಟಿನ ಮೇಲೆ ಪರ್ಮನೆಂಟ್ ಮಾರ್ಕರಿನಿಂದ ಚುಕ್ಕೆ ಇಟ್ಟು ಕೋಡ್ ಮಾಡುವವರೂ ಇದ್ದಾರೆ. ಎಂ8 ಇದ್ದರೆ ಇದು ಒಳ್ಳೇ ದಾರಿ, ಅದರಲ್ಲಿ ಆ ಪಟ್ಟಿಯೇ ಇಲ್ಲ. ಮೊದಲು ಜಿಡ್ಡು ಒರೆಸಿ. ಹಾಕಿ ತೆಗೆಯುತ್ತಾ ಚುಕ್ಕೆ ಅಳಿಸಿಹೋಗುತ್ತದೆ, ಮತ್ತೆ ಇಡಬೇಕು. ಕೋಡ್ ಜಾಗದಲ್ಲೇ ಸ್ಕ್ರೂ ಇದ್ದರೆ ಸರಿಯಾಗಿ ಓದದೇ ಇರಬಹುದು.

ಸ್ಕ್ರೂ ಲೆನ್ಸನ್ನು ಎಂ ಮೌಂಟಿಗೆ ಕೂರಿಸುವ ಅಡಾಪ್ಟರ್ ಕೊಳ್ಳುವಾಗ, ಅದು ವ್ಯೂಫೈಂಡರಿನಲ್ಲಿ ಯಾವ ಫೋಕಲ್ ಲೆಂಗ್ತಿನ ಫ್ರೇಮ್ ತೋರಿಸುತ್ತದೆ ಅಂತ ನೋಡಿ ಕೊಳ್ಳಿ: 28/90, 35/135, 50/75 ಅಂತ ಮೂರು ಬಗೆ. ತಪ್ಪಾದದ್ದು ಹಾಕಿದರೆ ವ್ಯೂಫೈಂಡರಿನಲ್ಲಿ ಬೇರೆ ಲೆನ್ಸಿನ ಚೌಕಟ್ಟು ಬರುತ್ತದೆ. ಸೋವಿಯತ್ ಕಾಲದ ಜುಪಿಟರ್ 50 ಎಂಎಂ ಲೆನ್ಸುಗಳ ಮೂಲ ಲೈಕಾದ್ದಲ್ಲ, ಕಾಂಟ್ಯಾಕ್ಸ್ ಎಂಬ ಬೇರೆ ಕ್ಯಾಮೆರಾದ ಅಳತೆ. ದೂರಕ್ಕೆ ಸರಿಯಿದ್ದರೂ, ಹತ್ತಿರದಲ್ಲಿ ಅಪರ್ಚರ್ ಪೂರ್ತಿ ತೆರೆದಾಗ ಫೋಕಸ್ ತಪ್ಪಬಹುದು. ಸ್ಕೇಲನ್ನು ಓರೆಯಾಗಿ ಇಟ್ಟು ಒಂದು ಫೋಟೋ ತೆಗೆದರೆ ಗೊತ್ತಾಗುತ್ತದೆ.

ಇನ್ನು ಕ್ಯಾಮೆರಾಕ್ಕೇ ಏಟಾಗುವ ವಿಷಯ. ಒಳಗೆ ಮಡಚುವ ಹಳೇ ಎಲ್ಮಾರ್, ಸುಮಿಕ್ರಾನ್‌ಗಳನ್ನು ಹೊರಕ್ಕೆ ಎಳೆದೇ ಬಳಸಿ. ಕ್ಯಾಮೆರಾದಲ್ಲಿ ಇದ್ದಾಗ ಒಳಕ್ಕೆ ತಳ್ಳಲೇಬೇಡಿ. 15 ಎಂಎಂ ಹೊಲೋಗಾನ್ ಹಾಕಲೇಬಾರದು. ಸೂಪರ್ ಆಂಗುಲಾನ್ 21 ಮತ್ತು 2314921ಕ್ಕಿಂತ ಕಡಿಮೆ ಸೀರಿಯಲ್ ನಂಬರಿನ 28 ಎಂಎಂ ಎಲ್ಮರಿಟ್ ಕೂರುತ್ತವೆ, ಆದರೆ ಅವುಗಳ ಹಿಂದಿನ ಗಾಜು ಬೆಳಕು ಅಳೆಯುವ ಮೀಟರಿಗೆ ಅಡ್ಡ ಬರುತ್ತದೆ. ಎಂ10ನಲ್ಲಿ ನಾನು ಲೈವ್ ವ್ಯೂ ಹಾಕಿ ಎಕ್ಸ್‌ಪೋಷರ್ ನೋಡುತ್ತೇನೆ. ಲೈವ್ ವ್ಯೂ ಇಲ್ಲದ ಎಂ9ನಲ್ಲಾದರೆ ಕೈಮೀಟರ್ ಇಟ್ಟುಕೊಳ್ಳಿ.