ಹತ್ತಾ, ಹದಿನೈದಾ, ಇಪ್ಪತ್ಮೂರಾ? ಮ್ಯಾಗಜೀನ್ ಲೆಕ್ಕ ನಾನು ಕಲಿತ ಬಗೆ

ಟೆಕ್ಸಾಸ್‌ಗೆ ಬಂದ ಮೇಲೆ ಅದು ನನ್ನ ಮೊದಲ ಪಿಸ್ತೂಲ್ ಶೂಟಿಂಗ್ ಮ್ಯಾಚ್. ಸ್ಟೇಜ್‌ಗೆ, ಅಂದರೆ ಜಾಗದಿಂದ ಜಾಗಕ್ಕೆ ಓಡುತ್ತಾ ಗುರಿ ಹೊಡೆಯುವ ಒಂದು ಸುತ್ತಿಗೆ, ಬೇಕಾದದ್ದು 24 ಗುಂಡು. ನನ್ನ ಗ್ಲಾಕ್ 34 ಪಿಸ್ತೂಲಿನ ಮ್ಯಾಗಜೀನ್‌ನಲ್ಲಿ (ಗುಂಡು ತುಂಬುವ ಡಬ್ಬಿ) 23, ಚೇಂಬರ್‌ನಲ್ಲಿ (ನಳಿಗೆಯ ಬುಡದ ಗೂಡು) 1. ಸರಿಯಾಗಿ 24. ರೀಲೋಡ್ (ಮ್ಯಾಗಜೀನ್ ಬದಲಿಸುವುದು) ಇಲ್ಲದೇ ಮುಗಿಸಿಬಿಡೋಣ ಅಂತ ಒಳಗೊಳಗೇ ಹಿಗ್ಗಿದೆ.

ಬೀಪ್ ಆಯಿತು. ಎರಡನೇ ಜಾಗದಲ್ಲಿ ಒಂದು ಪಾಪರ್ ಇತ್ತು, ಗುಂಡು ತಾಗಿದರೆ ಬೀಳುವ ಉಕ್ಕಿನ ಫಲಕ. ಮೊದಲ ಗುಂಡು ಪಕ್ಕಕ್ಕೆ ಹೋಯಿತು. ಇನ್ನೊಂದು ಹೊಡೆದೆ, ಬಿತ್ತು. ಓಡಿದೆ. ಕೊನೆಯ ಪೇಪರ್ ಟಾರ್ಗೆಟ್‌ಗೆ ಒಂದು ಗುಂಡು ಹೋಯಿತು. ಎರಡನೆಯದಕ್ಕೆ ಟ್ರಿಗರ್ ಒತ್ತಿದರೆ ಏನೂ ಇಲ್ಲ. ಗುಂಡು ಖಾಲಿ, ಪಿಸ್ತೂಲಿನ ಮೇಲ್ಭಾಗದ ಸ್ಲೈಡ್ ಹಿಂದಕ್ಕೆ ಸರಿದು ಬಾಯಿ ತೆರೆದು ನಿಂತಿದೆ. ಬೆಲ್ಟ್‌ಗೆ ಕೈ ಹಾಕಿ, ತಡಕಾಡಿ, ಬೇರೆ ಮ್ಯಾಗಜೀನ್ ತುರುಕಿ ಹೊಡೆಯುವಷ್ಟರಲ್ಲಿ ಮೂರು ಸೆಕೆಂಡಿಗಿಂತ ಜಾಸ್ತಿ ಹೋಗಿತ್ತು. ಒಂದೇ ಒಂದು ಗುಂಡಿಗಾಗಿ!

ನಮ್ಮ ಸ್ಕ್ವಾಡ್‌ನಲ್ಲಿ ಮಂಗಳೂರಿನ ಗೆಳೆಯನೊಬ್ಬ ಇದ್ದಾನೆ. "ಎಂತ ಮಾರಾಯ, ಕರೆದವರಷ್ಟೇ ಎಲೆ ಹಾಕಿ ಮದುವೆ ಊಟ ಮಾಡಿಸ್ಲಿಕ್ಕೆ ಆಗ್ತದಾ?" ಅಂದ.

ಇದಕ್ಕೆ ಮುಂಚೆ ನಾನು ಇದ್ದದ್ದು ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ. ಗ್ರೀನ್ ಕಾರ್ಡ್ ಬರುವ ತನಕ ಪಿಸ್ತೂಲಿಗೆ ಕೈ ಹಾಕಿರಲಿಲ್ಲ. ಎಚ್-1ಬಿಯಂಥ ವೀಸಾದಲ್ಲಿ ಇರುವವರಿಗೆ ಹಂಟಿಂಗ್ ಲೈಸೆನ್ಸ್‌ನಂಥ ವಿನಾಯಿತಿ ಇಲ್ಲದಿದ್ದರೆ ಬಂದೂಕು, ಗುಂಡು ಎರಡೂ ಇಟ್ಟುಕೊಳ್ಳುವಂತಿಲ್ಲ. ಹೊಸಬರು ಇದನ್ನು ಮೊದಲು ವಿಚಾರಿಸಿಕೊಳ್ಳಿ. ಕ್ಯಾಲಿಫೋರ್ನಿಯಾದಲ್ಲಂತೂ 10ಕ್ಕಿಂತ ಜಾಸ್ತಿ ಗುಂಡು ಹಿಡಿಸುವ ಮ್ಯಾಗಜೀನ್ ಅಂಗಡಿಯಲ್ಲಿ ಸಿಗುವುದಿಲ್ಲ. ಆಯ್ಕೆ ಅನ್ನುವ ಮಾತೇ ಇರಲಿಲ್ಲ. ಹಾಗಾಗಿ ಯುಎಸ್‌ಪಿಎಸ್‌ಎ (ಅಮೆರಿಕದ ಪ್ರಾಕ್ಟಿಕಲ್ ಶೂಟಿಂಗ್ ಸಂಸ್ಥೆ) ಮ್ಯಾಚ್‌ಗಳಲ್ಲಿ ಪ್ರೊಡಕ್ಷನ್ ಡಿವಿಷನ್ ಹಿಡಿದೆ. ಪಿಸ್ತೂಲು, ಮ್ಯಾಗಜೀನ್ ಹೇಗಿರಬೇಕು ಅನ್ನುವುದರ ಮೇಲೆ ಮಾಡಿದ ವಿಭಾಗಗಳೇ ಡಿವಿಷನ್. ಆಗ ಅಲ್ಲೂ ಮ್ಯಾಗಜೀನ್‌ಗೆ 10 ಗುಂಡೇ ಮಿತಿ. (ಆಮೇಲೆ ಅದನ್ನು 15ಕ್ಕೆ ಏರಿಸಿದರು.) ಇಡೀ ಅಮೆರಿಕದವರು 10ರಲ್ಲಿ ಆಡುವಾಗ ನನ್ನ 10 ಕಡಿಮೆ ಅನ್ನಿಸಲಿಲ್ಲ. ಅದೇ ಮ್ಯಾಗಜೀನ್ ಹಿಡಿದು ಕ್ಯಾರಿ ಆಪ್ಟಿಕ್ಸ್‌ಗೆ (ಪಿಸ್ತೂಲಿನ ಮೇಲೆ ರೆಡ್ ಡಾಟ್ ಸೈಟ್ ಇರುವ ಡಿವಿಷನ್) ಹೋಗಿದ್ದರೆ, ಬೇರೆ ರಾಜ್ಯದವರ 23ರ ಎದುರು ಒಂಟಿ ನಳಿಗೆ ಕೋವಿ ಹಿಡಿದ ಹಾಗಾಗುತ್ತಿತ್ತು. ಮೊದಲು ಡಿವಿಷನ್, ಆಮೇಲೆ ಮ್ಯಾಗಜೀನ್. ಉಲ್ಟಾ ಮಾಡಿ ದುಡ್ಡು ಕಳೆದುಕೊಂಡವರನ್ನು ನೋಡಿದ್ದೇನೆ.

10ರಲ್ಲಿ ಆಡುವುದು ಒಂಥರಾ ಸುಲಭ. ಉದ್ದದ ಸ್ಟೇಜ್‌ನಲ್ಲಿ ಗರಿಷ್ಠ 32 ಗುಂಡು, ಆದರೆ ಒಂದು ಜಾಗದಿಂದ 8ಕ್ಕಿಂತ ಜಾಸ್ತಿ ಹೊಡೆಯಲೇಬೇಕು ಅನ್ನುವ ಹಾಗೆ ಕಟ್ಟುವಂತಿಲ್ಲ ಅನ್ನುತ್ತದೆ ನಿಯಮ. ಚೇಂಬರ್‌ನಲ್ಲಿ 1 ಸೇರಿದರೆ ನನ್ನ ಬಳಿ 11. ಎಂಟು ಹೊಡಿ, ಮೂರು ಉಳಿದಿರುವಾಗಲೇ ಓಡುತ್ತಾ ಮ್ಯಾಗಜೀನ್ ಬದಲಿಸು, ಮುಂದಿನ ಜಾಗದಲ್ಲಿ ಮತ್ತೆ 11. ಹಳೆಯದು ನೆಲಕ್ಕೆ ಬಿದ್ದರೆ ಬೀಳಲಿ, ಆಮೇಲೆ ಆರಿಸಿಕೊಂಡರಾಯ್ತು. ಯೋಚನೆಯೇ ಬೇಡ. ಪ್ರತಿ ಜಾಗದಲ್ಲೂ ಮೂರು ಗುಂಡು ಕೈಯಲ್ಲಿ ಮಿಕ್ಕಿರುತ್ತವೆ, ಪಾಪರ್ ತಪ್ಪಿದರೂ ಎದೆ ಧಸಕ್ ಅನ್ನುವುದಿಲ್ಲ.

ಟೆಕ್ಸಾಸ್‌ಗೆ ಬಂದು ಕ್ಯಾರಿ ಆಪ್ಟಿಕ್ಸ್‌ಗೆ ಹೋಗಿ 23 ಸಿಕ್ಕಾಗ ಕೆಟ್ಟಿದ್ದು ಇಲ್ಲೇ. ಜಾಸ್ತಿ ಗುಂಡು ಇದೆ ಅಂತ ರೀಲೋಡ್ ಅನ್ನೇ ಪ್ಲಾನ್‌ನಿಂದ ತೆಗೆದುಹಾಕಿದೆ.

ಆ ರಾತ್ರಿ ಮನೆಯಲ್ಲಿ ಕೂತು ಲೆಕ್ಕ ಹಾಕಿದೆ. ಈ ಆಟದಲ್ಲಿ ಅಂಕವನ್ನು ಸಮಯದಿಂದ ಭಾಗಿಸುತ್ತಾರೆ, ಅದೇ ಹಿಟ್ ಫ್ಯಾಕ್ಟರ್. 24 ಗುಂಡಿಗೆ 120 ಅಂಕ. 20 ಸೆಕೆಂಡಿನಲ್ಲಿ ಮುಗಿಸಿದರೆ 6.0. ನಿಂತಲ್ಲೇ ಎರಡು ಸೆಕೆಂಡಿನ ರೀಲೋಡ್ ಮಾಡಿದರೆ 22 ಸೆಕೆಂಡು, 5.45. ಹತ್ತಿರ ಹತ್ತಿರ ಶೇ. 9 ಹೋಯಿತು. ಅದೇ ರೀಲೋಡ್ ಅನ್ನು ಓಡುತ್ತಾ ಮಾಡಿದ್ದರೆ ಹೆಚ್ಚುಕಡಿಮೆ ಪುಕ್ಕಟೆ. ಹೇಗೂ ಕಾಲು ಓಡುತ್ತಲೇ ಇರುತ್ತದೆ, ಕೈ ಸುಮ್ನೆ ಇರುತ್ತದೆ ಅಲ್ವಾ?

ಈಗ ಕ್ಯಾರಿ ಆಪ್ಟಿಕ್ಸ್‌ನಲ್ಲಿ ನನ್ನ ನಿಯಮ ಇಷ್ಟೇ. ಸ್ಟೇಜ್‌ಗೆ ಬೇಕಾದದ್ದಕ್ಕಿಂತ ನಾಲ್ಕು ಗುಂಡಾದರೂ ಮಿಕ್ಕಿದ್ದರೆ ರೀಲೋಡ್ ಇಲ್ಲ. ಇಲ್ಲದಿದ್ದರೆ ಇದ್ದುದರಲ್ಲಿ ಉದ್ದದ ಓಟ ಎಲ್ಲಿದೆ ನೋಡಿ ಅಲ್ಲೇ ಒಂದು ರೀಲೋಡ್. ನಾಲ್ಕೇ ಯಾಕೆ ಅಂದರೆ, ನಾನು ಎಷ್ಟು ಸಲ ತಪ್ಪುತ್ತೇನೆ ಅಂತ ನನಗೆ ಗೊತ್ತು! ನಿಮ್ಮದು ಎರಡಿರಬಹುದು.

ಇನ್ನು ಮ್ಯಾಗಜೀನ್ ವಿಷಯ. 23 ಅಂತ ಪೆಟ್ಟಿಗೆ ಮೇಲೆ ಬರೆದಿರುವುದೇ ಬೇರೆ, ನಿಜವಾಗಿ ಕೆಲಸಕ್ಕೆ ಬರುವುದೇ ಬೇರೆ. ಗ್ಲಾಕ್‌ನ 17 ಗುಂಡಿನ ಮ್ಯಾಗಜೀನ್‌ಗೆ ಉದ್ದದ ಬೇಸ್‌ಪ್ಯಾಡ್ (ತಳದ ಮುಚ್ಚಳ), ಉದ್ದದ ಸ್ಪ್ರಿಂಗ್ ಹಾಕಿದರೆ 22 ಅಥವಾ 23 ಹಿಡಿಸುತ್ತದೆ. ಕ್ಯಾರಿ ಆಪ್ಟಿಕ್ಸ್‌ನಲ್ಲಿ ಒಟ್ಟು ಉದ್ದ 141.25 ಮಿ.ಮೀ. ದಾಟಬಾರದು. ದಾಟಿದರೆ ಓಪನ್ ಡಿವಿಷನ್‌ಗೆ ತಳ್ಳುತ್ತಾರೆ, ಅಲ್ಲಿ 171.25ರ ದೊಡ್ಡ ಮ್ಯಾಗಜೀನ್‌ನವರ ಜೊತೆ ಸೆಣಸಬೇಕು. ಬೇಸ್‌ಪ್ಯಾಡ್ ಕೊಂಡ ದಿನವೇ ಗೇಜ್‌ನಲ್ಲಿ ಇಟ್ಟು ನೋಡಿ.

ಆದರೆ ಗಂಟಲವರೆಗೂ ತುಂಬಿದ ಮ್ಯಾಗಜೀನ್, ಸ್ಲೈಡ್ ಮುಚ್ಚಿದ್ದಾಗ ಸಲೀಸಾಗಿ ಕೂರುವುದಿಲ್ಲ. ಮೇಲಿನ ಗುಂಡು ಕೆಳಗೆ ಒತ್ತಿಕೊಳ್ಳಲು ಸ್ಪ್ರಿಂಗ್‌ಗೆ ಜಾಗ ಬೇಕು. ಒಮ್ಮೆ ಓಡುತ್ತಾ ತುರುಕಿದೆ, ಕ್ಲಿಕ್ ಅಂದ ಹಾಗಾಯಿತು, ಎರಡು ಹೆಜ್ಜೆ ಇಟ್ಟೆ, ದೊಪ್ ಅಂತ ಕೆಂಪು ಮಣ್ಣಿಗೆ ಬಿತ್ತು. ಪಿಸ್ತೂಲಿನಲ್ಲಿ ಉಳಿದದ್ದು ಚೇಂಬರ್‌ನ ಒಂದೇ ಗುಂಡು. ಅವತ್ತಿನಿಂದ ಬೆಲ್ಟ್‌ನಲ್ಲಿರುವ ಮ್ಯಾಗಜೀನ್‌ಗಳಿಗೆ ಒಂದು ಗುಂಡು ಕಡಿಮೆ, 22. ಶುರುವಿನ ಮ್ಯಾಗಜೀನ್‌ಗೆ ಮಾತ್ರ 23, ಅದನ್ನು ಕೂರಿಸಲು "ಮೇಕ್ ರೆಡಿ" (ಸಿದ್ಧವಾಗು) ಅಂತ ರೇಂಜ್ ಆಫೀಸರ್ ಹೇಳಿದ ಮೇಲೆ ಬೇಕಾದಷ್ಟು ಸಮಯ ಇರುತ್ತದೆ. ಮೊದಲು ಒಂದೇ ಗುಂಡಿನ ಮ್ಯಾಗಜೀನ್ ಹಾಕಿ ಚೇಂಬರ್ ತುಂಬುತ್ತೇನೆ. ಅದನ್ನು ತೆಗೆದು ತುಂಬಿದ್ದನ್ನು ಕೂರಿಸಿ, ಅಂಗೈಯಿಂದ ಒಂದು ಏಟು ಕೊಟ್ಟು, ಕೆಳಕ್ಕೆ ಎಳೆದು ನೋಡುತ್ತೇನೆ. ಮನೆಯಲ್ಲಿ ಇದನ್ನೆಲ್ಲ ಡಮ್ಮಿ ರೌಂಡ್‌ನಲ್ಲೇ ಅಭ್ಯಾಸ ಮಾಡಿ, ಅಸಲಿ ಗುಂಡು ಆ ಕೋಣೆಯಲ್ಲೇ ಇರಬಾರದು.

ತೂಕವೂ ಒಂದಿದೆ. 9 ಎಂಎಂ ಗುಂಡೊಂದು ಸುಮಾರು 12 ಗ್ರಾಂ. 23 ಅಂದರೆ 275 ಗ್ರಾಂ ದಾಟುತ್ತದೆ. ಮೊದಲ ಟಾರ್ಗೆಟ್‌ನಲ್ಲಿ ಕೈಗೆ ಸಿಗುವ ಪಿಸ್ತೂಲಿನ ಭಾರವೇ ಬೇರೆ, ಕೊನೆಯಲ್ಲಿ ಸಿಗುವುದೇ ಬೇರೆ. 10ರಲ್ಲಿ ಇದು ಗೊತ್ತೇ ಆಗುತ್ತಿರಲಿಲ್ಲ.

ಬೆಂಗಳೂರಿನಲ್ಲಿರುವ ನನ್ನ ಭಾವಮೈದುನನಿಗೆ ಇದೆಲ್ಲ ತಮಾಷೆ. ಅವನದು 25 ಮೀಟರ್ ಪಿಸ್ತೂಲ್, ಒಂದು ಸರಣಿಗೆ ಐದು ಗುಂಡು. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ವಿಜಯ್ ಕುಮಾರ್ ಬೆಳ್ಳಿ ಗೆದ್ದ ರ‍್ಯಾಪಿಡ್ ಫೈರ್‌ನಲ್ಲೂ ಐದೈದೇ. "ಐದರಲ್ಲಿ ಆಗದ್ದು ಇಪ್ಪತ್ಮೂರರಲ್ಲಿ ಆಗುತ್ತಾ ಭಾವ?" ಅಂತ ಫೋನ್‌ನಲ್ಲಿ ಕಾಲೆಳೆಯುತ್ತಾನೆ.

ನನ್ನ ಮ್ಯಾಗಜೀನ್‌ಗಳ ತಳಕ್ಕೆ ಪೇಂಟ್ ಪೆನ್‌ನಲ್ಲಿ 1ರಿಂದ 5ರ ತನಕ ಬರೆದಿಟ್ಟಿದ್ದೇನೆ. ಯಾವುದು ಕೈಕೊಟ್ಟಿತು ಅಂತ ನೋಟ್‌ಬುಕ್‌ನಲ್ಲಿ ಗುರುತು ಹಾಕುತ್ತೇನೆ. ಮ್ಯಾಚ್ ಮುಗಿದ ಸಂಜೆ ಎಲ್ಲವನ್ನೂ ಬಿಚ್ಚಿ, ಬ್ರಷ್ ಹಾಕಿ ಮಣ್ಣು ತೆಗೆಯುತ್ತೇನೆ. 4ನೆಯದು ಎರಡು ಸಲ ಗುಂಡು ಸರಿಯಾಗಿ ಮೇಲೆತ್ತಲಿಲ್ಲ. ಸ್ಪ್ರಿಂಗ್ ಬದಲಿಸಿದರೂ ಮನಸ್ಸಿಗೆ ಧೈರ್ಯ ಬರಲಿಲ್ಲ. ಈಗ ಅದು ಚೇಂಬರ್ ತುಂಬುವ ಒಂದೇ ಗುಂಡಿನ ಮ್ಯಾಗಜೀನ್ ಆಗಿ ನನ್ನ ಹಿಂದಿನ ಜೇಬಿನಲ್ಲಿದೆ.