ಮೊದಲು ಸುಣ್ಣ ಬಿಟ್ಟೆ, ಆಮೇಲೆ ಹೊಗೆಸೊಪ್ಪು: ನನ್ನ ಅನುಭವ

ಸುಣ್ಣ ಬಿಟ್ಟು ಕವಳ (ಎಲೆ, ಅಡಿಕೆ, ಸುಣ್ಣ, ಹೊಗೆಸೊಪ್ಪು ಕೂಡಿಸಿ ಜಗಿಯುವುದು) ಹಾಕುತ್ತೇನೆ ಅಂದಾಗ ನಮ್ಮನೆ ಜಗಲಿಯಲ್ಲಿ ಕೂತವರೆಲ್ಲ ನಕ್ಕಿದ್ದರು. "ಉಪ್ಪಿಲ್ಲದ ಸಾರು ಉಣ್ತೀನಿ ಅಂದ ಹಾಗಾಯ್ತಲ್ಲೋ" ಅಂದರು ದೊಡ್ಡಪ್ಪ. ಅವತ್ತು ನಕ್ಕವರಲ್ಲಿ ಇಬ್ಬರು ಈಗ ಬಂದು "ಹೇಗೆ ಬಿಟ್ಟೆ ಮಾರಾಯ" ಅಂತ ಕೇಳುತ್ತಾರೆ. ಒಬ್ಬೊಬ್ಬರಿಗೆ ಹೇಳುತ್ತಾ ಕೂರುವ ಬದಲು ಬರೆದೇ ಬಿಡೋಣ ಅನ್ನಿಸಿತು. 2022ರ ಯುಗಾದಿಗೆ ಹೊಗೆಸೊಪ್ಪು ಬಿಟ್ಟೆ. ಅದೇ ವರ್ಷ ಆರಿದ್ರಾ ಮಳೆ ಹಿಡಿಯುವ ಹೊತ್ತಿಗೆ ಅಡಿಕೆಯನ್ನೂ ಬಿಟ್ಟೆ. ಇವತ್ತಿನವರೆಗೆ ಒಂದು ಎಸಳು ಸೊಪ್ಪೂ ಬಾಯಿಗೆ ಹೋಗಿಲ್ಲ.

ನಮ್ಮದು ತೀರ್ಥಹಳ್ಳಿ ತಾಲೂಕು, ಆಗುಂಬೆ ದಿಕ್ಕು. ಮೂರು ಎಕರೆ ಚಿಲ್ಲರೆ ಅಡಿಕೆ ತೋಟ. ಅಡಿಕೆ ಸುಲಿಯುವ ರಾತ್ರಿಗಳಲ್ಲಿ ನಿದ್ದೆ ಬಾರದಿರಲಿ ಅಂತ 22ನೇ ವಯಸ್ಸಿನಲ್ಲಿ ಹಚ್ಚಿಕೊಂಡಿದ್ದು, 28 ವರ್ಷ ನಡೆಯಿತು. ಕೊನೆಕೊನೆಗೆ ದಿನಕ್ಕೆ 14-15 ಕವಳ, ಕೊಯ್ಲಿನ ದಿನಗಳಲ್ಲಿ 20 ದಾಟುತ್ತಿತ್ತು. ರಾತ್ರಿ ಎಡ ದವಡೆಯಲ್ಲಿ ಒಂದು ಚೂರು ಸೊಪ್ಪು ಇಟ್ಟುಕೊಂಡೇ ಮಲಗುತ್ತಿದ್ದೆ. ಕವಳ ಹಾಕುವವರಿಗೆ ಇಷ್ಟು ಹೇಳಿದರೆ ಸಾಕು, ನನ್ನ ಚಟ ಯಾವ ಮಟ್ಟದ್ದು ಅಂತ ಅರ್ಥವಾಗುತ್ತದೆ.

ದುಡ್ಡಿನ ಲೆಕ್ಕ ಮೊದಲು ಹೇಳುತ್ತೇನೆ, ಯಾಕೆಂದರೆ ನಾವು ತೋಟದವರು ಮೋಸ ಹೋಗುವುದು ಅಲ್ಲೇ. ಎಲೆ ಮನೆಯದ್ದು, ಅಡಿಕೆ ಮನೆಯದ್ದು, ಕೊಳ್ಳುವುದು ಸೊಪ್ಪು ಮತ್ತು ಸುಣ್ಣ ಮಾತ್ರ, ಹಾಗಾಗಿ ಇದು ಪುಕ್ಕಟೆ ಚಟ ಅಂತ ನಾನು ಇಪ್ಪತ್ತು ವರ್ಷ ನಂಬಿದ್ದೆ. ಒಂದು ದಿನ ಮಗಳು ಲೆಕ್ಕ ಹಾಕಿ ಕೊಟ್ಟಳು. ಸೊಪ್ಪಿಗೆ ದಿನಕ್ಕೆ 25 ರೂಪಾಯಿ ಹಿಡಿದರೆ ವರ್ಷಕ್ಕೆ 9 ಸಾವಿರ. ದಿನಕ್ಕೆ ಏಳೆಂಟು ಅಡಿಕೆ ಅಂದರೆ ವರ್ಷಕ್ಕೆ 15-18 ಕೆ.ಜಿ. ರಾಶಿ ಅನ್ನುವ ಬಗೆಯ ಅಡಿಕೆಗೆ ಕ್ವಿಂಟಲ್‌ಗೆ 45 ಸಾವಿರದ ಆಸುಪಾಸು ಇದ್ದ ವರ್ಷ ಅದು. ಮಂಡಿಗೆ ಹೋಗಬೇಕಾದ ಏಳೆಂಟು ಸಾವಿರದ ಮಾಲನ್ನು ಅಗಿದು ಅಂಗಳಕ್ಕೆ ಉಗುಳಿದ್ದೆ. ಹಲ್ಲಿನ ಬೇರಿನ ಚಿಕಿತ್ಸೆ, ಹಲ್ಲಿನ ಮೇಲೆ ಕೂರಿಸುವ ಎರಡು ಟೋಪಿ (ಕ್ಯಾಪ್), ಒಂದು ದವಡೆ ಹಲ್ಲು ಕೀಳಿಸಿದ್ದು ಎಲ್ಲ ಸೇರಿ 26-27 ಸಾವಿರ ಬೇರೆ.

ಬಿಡಲು ಮಾಡಿದ ಪ್ರಯತ್ನಗಳೂ ಕಡಿಮೆಯಲ್ಲ. ಧರ್ಮಸ್ಥಳಕ್ಕೆ ಹೋಗಿ ಆಣೆ ಮಾಡಿ ಬಂದೆ, ದೀಪಾವಳಿ ಮುಗಿದ ಮೇಲೆ. 40 ದಿನ ನಿಂತಿತು. ಎಳ್ಳಮಾವಾಸ್ಯೆ ಜಾತ್ರೆಯಲ್ಲಿ ಭಾವನವರು ಕವಳದ ಸಂಚಿ ಬಿಚ್ಚಿದರು, ನನ್ನ ಕೈ ತಾನಾಗಿ ಮುಂದೆ ಹೋಯಿತು. ಆಣೆ ಮುರಿದ ನೋವಿಗೆ ಆಮೇಲೆ ಇನ್ನೂ ಜಾಸ್ತಿ ಹಾಕಿದೆ. ಇನ್ನೊಮ್ಮೆ ಟಿವಿಯಲ್ಲಿ ಜಾಹೀರಾತು ನೋಡಿ, ಊಟದಲ್ಲಿ ಬೆರೆಸಿದರೆ ಚಟ ತಾನೇ ಬಿಡುತ್ತದೆ ಅನ್ನುವ ಪುಡಿ ತರಿಸಿದೆ, 4,500 ರೂಪಾಯಿ. ಏನೂ ಆಗಲಿಲ್ಲ. ಕವಳಕ್ಕಿಂತ ಬೀಡಿ ವಾಸಿ ಅಂತ ಯಾರೋ ಹೇಳಿದ್ದು ಕೇಳಿ ಬೀಡಿ ಹಿಡಿದೆ. ಮೂರು ತಿಂಗಳಿಗೆ ಬೀಡಿಯೂ ಇತ್ತು, ಕವಳವೂ ಇತ್ತು. ಆ ಬೀಡಿ ಬಿಡುವುದಕ್ಕೆ ಮತ್ತೊಂದು ವರ್ಷ ಬೇಕಾಯಿತು. ಸೊಪ್ಪಿನ ಜಾಗಕ್ಕೆ ಲವಂಗ ಹಾಕಿ ನಾಲಿಗೆ ಸುಟ್ಟುಕೊಂಡೆ.

2019ರಲ್ಲಿ ಒಮ್ಮೆಗೇ ಬಿಡುತ್ತೇನೆ ಅಂತ ಹೊರಟೆ. ಜೂನ್ ತಿಂಗಳು, ಅದೇ ದೊಡ್ಡ ತಪ್ಪು. ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ಮೇಲೆ ಮಳೆ ಬೀಳುತ್ತದೆ, ನಮ್ಮ ತೋಟಕ್ಕೂ ಅದರ ಪಾಲು ಬರುತ್ತದೆ. ತೋಟಕ್ಕೆ ಕಾಲಿಟ್ಟರೆ ಇಂಬಳ, ಅಂದರೆ ರಕ್ತ ಹೀರುವ ಜಿಗಣೆ. ಇಂಬಳಕ್ಕೆ ನಮ್ಮಲ್ಲಿ ಹಿಂದಿನಿಂದ ಏನು ಮದ್ದು? ಹೊಗೆಸೊಪ್ಪು, ಸುಣ್ಣ ಕೂಡಿಸಿ ಬಟ್ಟೆಯಲ್ಲಿ ಕಟ್ಟಿ ಕಾಲಿಗೆ ಒರೆಸಿಕೊಳ್ಳುವುದು. ಬಿಡಬೇಕಾದ ಸೊಪ್ಪು ದಿನಾ ಬೆಳಗ್ಗೆ ಕೈಯಲ್ಲೇ ಇರುತ್ತಿತ್ತು, ವಾಸನೆ ಮೂಗಿನಲ್ಲೇ. ಒಂಬತ್ತನೇ ದಿನ ಕಾಲಿಗೆ ಒರೆಸಬೇಕಾದ ಸೊಪ್ಪು ದವಡೆಗೆ ಹೋಯಿತು.

2021ರ ಕೊಯ್ಲಿನ ಹೊತ್ತಿಗೆ ಸೊಪ್ಪು ಇಡುತ್ತಿದ್ದ ಎಡ ಕೆನ್ನೆಯ ಒಳಗೆ ಬಿಳಿ ಮಚ್ಚೆ ಕಂಡಿತು. ಉಜ್ಜಿದರೆ ಹೋಗುವುದಿಲ್ಲ. ಖಾರ ತಾಗಿದರೆ ಉರಿ. ಬಾಯಿ ತೆರೆದರೆ ಮೂರು ಬೆರಳು ಒಂದರ ಮೇಲೊಂದು ಇಟ್ಟು ಹೋಗಬೇಕು, ನನಗೆ ಎರಡೂವರೆ ಹೋಗುತ್ತಿತ್ತು. ಶಿವಮೊಗ್ಗದಲ್ಲಿ ತೋರಿಸಿದೆ. ಚೂರು ಮಾಂಸ ತೆಗೆದು ಪರೀಕ್ಷೆಗೆ ಕಳಿಸಿದರು. ಫಲಿತಾಂಶ ಬರುವ ತನಕದ ಎಂಟು ಹತ್ತು ದಿನ ಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲ. ಆ ದಿನಗಳಲ್ಲೂ ನಾನು ಕವಳ ಹಾಕಿದ್ದೇನೆ, ಕೊಟ್ಟಿಗೆ ಹಿಂದೆ ನಿಂತು. ಇದನ್ನು ಬರೆಯುವಾಗ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಹೆದರಿಕೆ ಒಂದರಿಂದಲೇ ಈ ಚಟ ಬಿಡುವುದಿಲ್ಲ ಅಂತ ನನಗೆ ಗೊತ್ತಾಗಿದ್ದು ಆಗ.

"ಈಗ ಕ್ಯಾನ್ಸರ್ ಅಲ್ಲ. ಹೀಗೇ ಮುಂದುವರಿಸಿದರೆ ಆಗಬಹುದು" ಅಂದರು ಡಾಕ್ಟರಮ್ಮ. 2 ಮಿಲಿಗ್ರಾಂನ ನಿಕೋಟಿನ್ ಗಮ್ ಬರೆದುಕೊಟ್ಟರು. ಹತ್ತರ ಪಟ್ಟಿಗೆ ಆಗ ನೂರು ರೂಪಾಯಿ ಆಸುಪಾಸು ಇತ್ತು. ನಾನು ಅದನ್ನು ಕವಳದ ಹಾಗೆ ಜಗಿದು ರಸ ನುಂಗಿದೆ. ಬಿಕ್ಕಳಿಕೆ, ಎದೆ ಉರಿ, ವಾಕರಿಕೆ. ಅದನ್ನು ನಿಧಾನಕ್ಕೆ ಕಚ್ಚಿ, ಚುರುಕು ಅನ್ನಿಸಿದ ಕೂಡಲೇ ಕೆನ್ನೆ ಸಂದಿಯಲ್ಲಿ ಇಟ್ಟುಬಿಡಬೇಕು, ಚುರುಕು ಹೋದ ಮೇಲೆ ಮತ್ತೆ ಕಚ್ಚಬೇಕು. ಸರಿಯಾಗಿ ಮಾಡಿದ ಮೇಲೂ ಮಧ್ಯಾಹ್ನದ ಹೊತ್ತಿಗೆ ಅದು ಕೆಲಸವೇ ಮಾಡುತ್ತಿರಲಿಲ್ಲ. ಆಮೇಲೆ ಗೊತ್ತಾಯಿತು, ಊಟಕ್ಕೆ ಮುರುಗಲ ಹಣ್ಣಿನ ಹುಳಿ ಸಾರು ಕುಡಿದು ಕೂಡಲೇ ಗಮ್ ಹಾಕುತ್ತಿದ್ದೆ. ಹುಳಿ, ಕಾಫಿ ಆದ ಮೇಲೆ ಕಾಲು ಗಂಟೆ ಹಾಕಬಾರದಂತೆ. ಯಾಕೆ ಅಂತ ಕೇಳಿದೆ. ಬಾಯಲ್ಲಿ ಹುಳಿ ಇದ್ದರೆ ನಿಕೋಟಿನ್ ಕೆನ್ನೆಯ ಪೊರೆ ದಾಟಿ ರಕ್ತಕ್ಕೆ ಸೇರುವುದಿಲ್ಲ, ಕ್ಷಾರ ಇದ್ದರೆ ಬೇಗ ಸೇರುತ್ತದೆ ಅಂದರು. "ನಿಮ್ಮ ಸುಣ್ಣ ಮಾಡೋದೂ ಅದೇ ಕೆಲಸ" ಅಂತ ಒಂದು ಮಾತು ಸೇರಿಸಿದರು.

ಶಿವಮೊಗ್ಗದಿಂದ ಊರಿಗೆ ಬರುವ ಬಸ್ಸಿನಲ್ಲಿ ಮಂಡಗದ್ದೆ ದಾಟುವ ತನಕ ಅದನ್ನೇ ಯೋಚಿಸಿದೆ. ಸೊಪ್ಪಿನ ಅಮಲನ್ನು ತಲೆಗೆ ಏರಿಸುವ ಏಣಿ ಸುಣ್ಣ ಅಂತಾದರೆ ಮೊದಲು ಏಣಿ ತೆಗೆಯಬೇಕು. ಸೊಪ್ಪು ಬಾಯಲ್ಲಿದ್ದರೂ ಏರು ಸಿಗದೆ ಹೋದರೆ ಮನಸ್ಸಿಗೆ ಅದರ ಮೇಲಿನ ಮೋಹ ತಾನಾಗಿ ಇಳಿಯಬೇಕು. ಡಾಕ್ಟರಮ್ಮ ಒಪ್ಪಲಿಲ್ಲ. ಒಂದು ದಿನ ಗೊತ್ತುಮಾಡಿ ಒಮ್ಮೆಗೇ ಬಿಡಿ, ಗಮ್ ಸಹಾಯಕ್ಕಿರಲಿ ಅಂದರು. ಒಂದೇ ತಿಂಗಳು ಅವಕಾಶ ಕೊಡಿ ಅಂತ ನಾನೇ ಹಟ ಮಾಡಿದೆ.

ಸಮಯ ಮೊದಲೇ ಗೊತ್ತುಮಾಡಿಕೊಂಡೆ. ಕೊಯ್ಲು ಮುಗಿದಿರಬೇಕು, ಮಳೆ ಶುರುವಾಗಿರಬಾರದು. ಶಿವರಾತ್ರಿಯಿಂದ ಯುಗಾದಿಗೆ ಒಂದು ತಿಂಗಳು, ಸರಿಯಾಯಿತು. ಸುಣ್ಣದ ಡಬ್ಬಿ ತೆಗೆದು ಹೆಂಡತಿ ಕೈಗೆ ಕೊಟ್ಟೆ. ಮೊದಲ ವಾರ ಎಲೆಗೆ ಉಗುರಿನ ತುದಿಯಷ್ಟು ಹಚ್ಚಿದೆ, ಎರಡನೇ ವಾರದಿಂದ ಪೂರ್ತಿ ಇಲ್ಲ. ಸುಣ್ಣವಿಲ್ಲದ ಕವಳ ಹೇಗಿರುತ್ತದೆ ಅಂತ ಹಾಕಿದವರಿಗೇ ಗೊತ್ತು. ಬಾಯಿ ಕೆಂಪಾಗುವುದೇ ಇಲ್ಲ, ಬರೀ ಚೊಗರು, ಎಲೆ ಹುಲ್ಲಿನ ಹಾಗೆ. ಸೊಪ್ಪಿನ ಕಹಿ ಮಾತ್ರ ಉಳಿಯುತ್ತದೆ.

ಆ ಎರಡನೇ ವಾರ ಎಲ್ಲ ಕೆಡುವುದರಲ್ಲಿತ್ತು. ಏರು ಸಿಗದ್ದಕ್ಕೆ ನಾನು ಜಾಸ್ತಿ ಹಾಕತೊಡಗಿದೆ, 15 ಇದ್ದದ್ದು 19ಕ್ಕೆ ಹೋಯಿತು. ಒಂದೊಂದರಲ್ಲೂ ಸೊಪ್ಪು ದಪ್ಪವಾಯಿತು. ಈ ದಾರಿ ಹಿಡಿಯುವವರು ಇಲ್ಲಿ ಎಚ್ಚರವಾಗಿರಬೇಕು. ಅದಕ್ಕೆ ಬೆಳಗ್ಗೆಯೇ ದಿನದ ಸೊಪ್ಪನ್ನು ಕತ್ತರಿಸಿ, ಎಣಿಸಿ ಒಂದು ಕರಡಿಗೆಗೆ ಹಾಕಿ ಇಡಿಸಿದೆ. ಮೊದಲು 14 ಚೂರು, ನಾಲ್ಕು ದಿನಕ್ಕೊಮ್ಮೆ ಎರಡು ಚೂರು ಕಡಿಮೆ. ರಾತ್ರಿ ಮಲಗುವಾಗಿನದ್ದನ್ನು ಎಲ್ಲಕ್ಕಿಂತ ಮೊದಲು ತೆಗೆದೆ. ಬೆಳಗಿನ ಮೊದಲನೆಯದು ಕೊನೆಗೆ ಉಳಿಯಿತು, ಅದೇ ಎಲ್ಲಕ್ಕಿಂತ ಗಟ್ಟಿ. ಯುಗಾದಿ ಹಿಂದಿನ ದಿನದ ಲೆಕ್ಕ ಮೂರೋ ನಾಲ್ಕೋ. ಬೇವು ಬೆಲ್ಲ ತಿಂದ ಮೇಲೆ ಸೊಪ್ಪು ಇಲ್ಲ.

ಮೊದಲ ಮೂರು ದಿನ ತಲೆ ಭಾರ, ಕೈ ನಡುಕ. ಹಾಲು ಕರೆಯುವಾಗ ಹಸುವಿಗೂ ಬೈದೆ. ಕವಳ ಹಾಕದೆ ಬೆಳಗ್ಗೆ ಹೊಟ್ಟೆ ಖಾಲಿಯಾಗದು ಅನ್ನುವುದು ನಮ್ಮಲ್ಲಿ ಯಾರೂ ಬಾಯಿಬಿಟ್ಟು ಹೇಳದ ಕಷ್ಟ. ನಿಕೋಟಿನ್ ಕರುಳನ್ನೂ ಓಡಿಸುತ್ತದೆ, ನಿಂತರೆ ಮಲಬದ್ಧತೆ ಆಗುತ್ತದೆ. ಎರಡು ಲೋಟ ಬಿಸಿನೀರು, ರಾತ್ರಿ ಎರಡು ಬಾಳೆಹಣ್ಣು, ಹತ್ತು ಹನ್ನೆರಡು ದಿನಕ್ಕೆ ಸರಿಹೋಯಿತು. ಗಮ್ ಆಗ ನಿಜವಾಗಿ ಉಪಯೋಗಕ್ಕೆ ಬಂತು. ಶುರುವಿಗೆ ದಿನಕ್ಕೆ ಏಳೆಂಟು, ಎರಡು ತಿಂಗಳಿಗೆ ಶೂನ್ಯ. ಒಟ್ಟು ಮೂರು ಸಾವಿರದೊಳಗೆ ಮುಗಿಯಿತು. ಚಪಲ ಎದ್ದರೆ ಐದು ಹತ್ತು ನಿಮಿಷ, ಅಷ್ಟೇ ಅದರ ಆಯಸ್ಸು. ಅಷ್ಟು ಹೊತ್ತು ಬಾಯಿಗೆ ಹಾಕಲು ಒಣ ನೆಲ್ಲಿಚೆಟ್ಟು, ಹುರಿದ ಜೀರಿಗೆ, ಜೇಷ್ಠಮಧು ಸೇರಿಸಿ ಒಂದು ಪುಡಿ ಮಾಡಿಕೊಂಡಿದ್ದೆ. ಅದರಲ್ಲಿ ಇನ್ನೂ ಎರಡು ವಸ್ತು ಇವೆ, ಅವನ್ನು ಇಲ್ಲಿ ಬರೆಯುವುದಿಲ್ಲ. ಮನೆಗೆ ಬಂದು ಚಟ ಬಿಡುತ್ತೇನೆ ಅಂತ ಮಾತು ಕೊಟ್ಟವರಿಗೆ ನಾನೇ ಕಲಸಿ ಕೊಡುತ್ತೇನೆ. ಮನೆಯವರೂ ಮಲಗಿದ ರಾತ್ರಿಗಳಲ್ಲಿ ಎರಡು ಸಲ 1800-11-2356ಕ್ಕೆ ಫೋನ್ ಮಾಡುವ ಯೋಚನೆ ಮಾಡಿ, ಬೆಳಗ್ಗೆ ಮಾಡಿದೆ. ಅದು ಚಟ ಬಿಡಿಸುವ ಸರ್ಕಾರದ ಉಚಿತ ಸಹಾಯವಾಣಿ. ಕನ್ನಡದಲ್ಲೇ ಮಾತಾಡಿದರು, ಆಮೇಲೆ ಅವರೇ ಫೋನ್ ಮಾಡಿ ವಿಚಾರಿಸಿದರು.

ಉಳಿದಿದ್ದ ಸೊಪ್ಪು ಅರ್ಧ ಕೆ.ಜಿ. ಎಸೆಯಲು ಮನಸ್ಸು ಬಾರದೆ ಐದು ಲೀಟರ್ ನೀರಲ್ಲಿ ಕುದಿಸಿ, ಬಾರ್ ಸೋಪು ಕರಗಿಸಿ, ಅಲಸಂದೆ ಬಳ್ಳಿಯ ಹೇನಿಗೆ ಹೊಡೆದೆ. ಅರ್ಧ ಗಂಟೆಯಲ್ಲಿ ಹೇನು ಉದುರಿ ಬಿತ್ತು. ಇದೇ ರಸವನ್ನು 28 ವರ್ಷ ದವಡೆಯಲ್ಲಿ ಇಟ್ಟುಕೊಂಡಿದ್ದೆನಲ್ಲ ಅಂತ ನೋಡುತ್ತಾ ನಿಂತೆ. ಆದರೆ ಬರಿಗೈಲಿ ಹಿಂಡಿದ್ದು ತಪ್ಪಾಯಿತು. ಚರ್ಮದಿಂದಲೂ ಅದು ಒಳಗೆ ಹೋಗುತ್ತದೆ. ತಲೆಸುತ್ತು, ವಾಂತಿ. ಮಾರನೇ ದಿನ ನಾಲ್ಕು ವಾರದಿಂದ ಅಡಗಿದ್ದ ಚಪಲ ಮತ್ತೆ ಎದ್ದು ಕೂತಿತು. ಆ ದಿನ ನಾನು ಮನೆಯಿಂದ ಹೊರಗೇ ಹೋಗಲಿಲ್ಲ. ಉಳಿದ ಕಷಾಯವನ್ನು ಹೆಂಡತಿ ಗುಂಡಿ ತೆಗೆದು ಸುರಿದಳು.

ಇಂಬಳಕ್ಕೂ ಬೇರೆ ದಾರಿ ಹುಡುಕಬೇಕಿತ್ತು. ಉಪ್ಪಿನ ಗಂಟು ಮಳೆಗೆ ಕರಗಿ ಹೋಗುತ್ತದೆ. ಬೇವಿನೆಣ್ಣೆ ಪರವಾಗಿಲ್ಲ, ದುಬಾರಿ. ಬಟ್ಟೆ ತೊಳೆಯುವ ಬಾರ್ ಸೋಪನ್ನು ಒದ್ದೆ ಕಾಲುಚೀಲದ ಮೇಲೆ ದಪ್ಪಗೆ ತಿಕ್ಕಿದರೆ ಒಂದೂವರೆ ಗಂಟೆ ತಡೆಯುತ್ತದೆ. ಈಗ ನಮ್ಮ ಆಳುಗಳೂ ಅದನ್ನೇ ಮಾಡುತ್ತಾರೆ.

ಅಡಿಕೆಯ ಮಾತು ಬರೆಯುವುದು ಕಷ್ಟ. ಅದರಿಂದಲೇ ನಮ್ಮ ಅನ್ನ. ಅಡಿಕೆಗೆ ಕೆಟ್ಟ ಹೆಸರು ತರುತ್ತಿದ್ದಾರೆ ಅಂತ ಸಭೆಗಳಲ್ಲಿ ನಾನೂ ಕೂಗಿದವನು. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಏಜೆನ್ಸಿ 2004ರಲ್ಲೇ ಸೊಪ್ಪಿಲ್ಲದ ಕವಳವನ್ನೂ, ಬರೀ ಅಡಿಕೆಯನ್ನೂ ಮನುಷ್ಯರಿಗೆ ಕ್ಯಾನ್ಸರ್ ತರುವ ಮೊದಲ ಗುಂಪಿಗೆ ಸೇರಿಸಿದೆ. ನನ್ನ ಬಾಯಿ ಬಿಗಿದದ್ದು ಸೊಪ್ಪಿನಿಂದಲ್ಲ, ಅಡಿಕೆ ಜಗಿದು ಜಗಿದು ಕೆನ್ನೆಯ ಒಳಗೆ ನಾರು ಕಟ್ಟಿದ್ದರಿಂದ. ಸೊಪ್ಪು ಬಿಟ್ಟು ಏಳೆಂಟು ತಿಂಗಳಿಗೆ ಬಿಳಿ ಮಚ್ಚೆ ಬಹಳ ಮಟ್ಟಿಗೆ ಮಾಸಿತು. ಬಾಯಿ ಮಾತ್ರ ಈಗಲೂ ಎರಡೂವರೆ ಬೆರಳೇ. ಅದು ಹಿಂದಕ್ಕೆ ಬರುವುದಿಲ್ಲ, ಇನ್ನಷ್ಟು ಬಿಗಿಯದಿದ್ದರೆ ಸಾಕು ಅಂದಿದ್ದಾರೆ. ಆರು ತಿಂಗಳಿಗೊಮ್ಮೆ ಹೋಗಿ ತೋರಿಸಿ ಬರುತ್ತೇನೆ. ಬಂದವರ ಮುಂದೆ ಎಲೆಅಡಿಕೆ ಹರಿವಾಣ ಈಗಲೂ ಇಡುತ್ತೇವೆ, ಅದು ನಮ್ಮ ಮರ್ಯಾದೆ. ನಾನು ಮುಟ್ಟಿ ನಮಸ್ಕಾರ ಮಾಡಿ ಪಕ್ಕಕ್ಕೆ ಸರಿಸುತ್ತೇನೆ. ಅಣ್ಣನಿಗೆ ಇದು ಇನ್ನೂ ಸಿಟ್ಟು. ಬೆಳೆದವನೇ ತಿನ್ನದಿದ್ದರೆ ಕೊಳ್ಳುವವರು ಯಾರು ಅನ್ನುತ್ತಾನೆ. ಅವನ ಪ್ರಶ್ನೆ ಸುಳ್ಳಲ್ಲ, ನನ್ನ ಬಾಯಿಯೂ ಸುಳ್ಳಲ್ಲ.

ನನಗೆ ಸಂಕಟ ಹುಡುಗರದ್ದು. 2013ರಲ್ಲಿ ನಮ್ಮ ರಾಜ್ಯದಲ್ಲಿ ಗುಟ್ಕಾ ನಿಷೇಧವಾಯಿತು. ಆಮೇಲೆ ಪಾನ್ ಮಸಾಲೆ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣ, ಎರಡನ್ನೂ ಅಂಗೈಯಲ್ಲಿ ಬೆರೆಸಿ ಹಾಕುತ್ತಾರೆ. 20 ವರ್ಷದ ಹುಡುಗರ ಬಾಯಿ ನನ್ನದಕ್ಕಿಂತ ಬೇಗ ಬಿಗಿಯುತ್ತಿದೆ. ಅದಕ್ಕೆ ನನ್ನ ಸುಣ್ಣದ ದಾರಿ ನಡೆಯುವುದಿಲ್ಲ, ಪೊಟ್ಟಣದಲ್ಲಿ ಮೊದಲೇ ಬೆರೆಸಿ ಬಂದ ಸುಣ್ಣವನ್ನು ಬೇರೆ ಮಾಡಿ ತೆಗೆಯಲಾಗದು. ಇಬ್ಬರಿಗೆ ಪ್ರಯತ್ನಿಸಿ ಸೋತೆ. ಅವರನ್ನು ಕರೆದುಕೊಂಡು ಹೋಗಿ ಡಾಕ್ಟರಮ್ಮನ ಮುಂದೆ ಕೂರಿಸಿದೆ.

ಕವಳದವರು ಆರು ಜನ ನನ್ನ ಲೆಕ್ಕದ ಹಾಗೆ ನಡೆದಿದ್ದಾರೆ. ಇಬ್ಬರು ಪೂರ್ತಿ ಬಿಟ್ಟರು, ಒಬ್ಬರು ದಿನಕ್ಕೆ ಎರಡಕ್ಕೆ ನಿಂತಿದ್ದಾರೆ, ಮೂವರು ಮೊದಲಿನ ಹಾಗೇ. ಬಿಟ್ಟ ಇಬ್ಬರಲ್ಲಿ ಒಬ್ಬರು ದೊಡ್ಡಪ್ಪ, 74 ವರ್ಷ. ಮರ ಹತ್ತಿ ಅಡಿಕೆ ಗೊನೆ ಕೊಯ್ಯುವ ನಮ್ಮ ಕೊನೆಗಾರ ಮೂರು ವರ್ಷದಿಂದ ನೋಡುತ್ತಾ ಇದ್ದ. ಮೊನ್ನೆ ಕೊನೆ ಇಳಿಸಿ ಬಂದವನು ಸೊಂಟದ ಸಂಚಿ ಬಿಚ್ಚಿ, "ಶಿವರಾತ್ರಿ ತನಕ ನಿಮ್ಮ ಹತ್ರನೇ ಇರಲಿ ಗೌಡ್ರೇ, ಇದ್ರೆ ನಂಗೆ ಕೈ ತಡೆಯಲ್ಲ" ಅಂತ ಸುಣ್ಣದ ಡಬ್ಬಿ ಕೊಟ್ಟು ಹೋಗಿದ್ದಾನೆ. ಜಂತಿಗೆ ಸಿಕ್ಕಿಸಿ ಇಟ್ಟಿದ್ದೇನೆ.